ದೇಜಪ್ಪಣ್ಣ ಎಡಗಡೆ ಕುಳಿತದ್ದು

ಕಾಪು ಪೇಟೆಯಲ್ಲಿ ಹದಿನಾಲ್ಕು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ಮೋಹಿನಿಗೆ ಊರಿನಲ್ಲಿ ಇದ್ದ ಹೆಸರು ‘ಬೈಯದ ಟೀಚರ್’. ಕಲಿಯುವವರು ಇಂಡಿಕೇಟರ್ ಹಾಕುವ ಬದಲು ವೈಪರ್ ಹಾಕಲಿ, ಬ್ರೇಕ್ ಒತ್ತುವ ಬದಲು ಕಣ್ಣು ಮುಚ್ಚಿಕೊಳ್ಳಲಿ, ಅವಳ ಬಾಯಿಯಿಂದ ಬರುವುದು ಒಂದೇ ಮಾತು: “ಪರವಾಗಿಲ್ಲ, ಇನ್ನೊಮ್ಮೆ ನೋಡುವ.”

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಅಜೆಕಾರಿನ ಹುಡುಗಿ ಮದುವೆಯಾಗಿ ಕಾಪುವಿಗೆ ಬಂದ ಹೊಸತರಲ್ಲಿ ಗಂಡ ಭುಜಂಗ ಅವಳಿಗೆ ಕಾರು ಕಲಿಸಲು ಹೊರಟಿದ್ದ. ಭುಜಂಗನದು ಮಲ್ಪೆಯಲ್ಲಿ ಮೀನಿನ ವ್ಯಾಪಾರ. ಒಂದು ಬೋಟಿನಿಂದ ಮತ್ತೊಂದು ಬೋಟಿಗೆ ಕೂಗಿ ಮಾತಾಡಿ ಪಳಗಿದ ಗಂಟಲು. ಕಾರಿನೊಳಗೂ ಅವನು ಅದೇ ಗಂಟಲನ್ನು ತಂದಿದ್ದ. “ಕ್ಲಚ್ಚು! ಕ್ಲಚ್ಚು! ಅದೆಂತ ಕ್ಲಚ್ಚಾ? ಅದೆಂತ ನಿನ್ನ ಕಾಲಾ?” ಮೂರನೆಯ ದಿನ ಮೋಹಿನಿ ಲೈಟ್‌ಹೌಸಿಗೆ ಹೋಗುವ ರಸ್ತೆಯ ನಡುಮಧ್ಯದಲ್ಲಿ ಕಾರು ನಿಲ್ಲಿಸಿ, ಕೀ ತೆಗೆದುಕೊಂಡು, ಒಂದು ಮಾತೂ ಆಡದೆ ಮನೆಗೆ ನಡೆದು ಬಂದಳು. ಕೀ ಇವಳ ಸೆರಗಿನಲ್ಲಿ, ಗಂಡ ಕಾರಿನಲ್ಲಿ, ಕಾರಿನ ಹಿಂದೆ ಮೂರು ರಿಕ್ಷಾ ಮತ್ತು ಒಂದು ಮೀನಿನ ಟೆಂಪೊ. ಅವತ್ತು ಭುಜಂಗನ ಗಂಟಲಿಗಿಂತ ದೊಡ್ಡ ಗಂಟಲುಗಳೂ ಲೋಕದಲ್ಲಿ ಉಂಟೆಂದು ಭುಜಂಗನಿಗೆ ತಿಳಿಯಿತು.

ಮರುವಾರ ಅವಳು ಉಡುಪಿಯಲ್ಲಿ ಒಬ್ಬ ವಯಸ್ಸಾದ ಮೇಷ್ಟರ ಹತ್ತಿರ ಸೇರಿ ಹದಿನೈದು ದಿನದಲ್ಲಿ ಕಲಿತಳು. ಆ ಮೇಷ್ಟರು ಒಮ್ಮೆಯೂ ಸ್ವರ ಏರಿಸಲಿಲ್ಲ. ಹಾಲಿನ ಡೇರಿಯ ಗೇಟಿಗೆ ಕಾರು ತಾಗಿಸಿದಾಗ ಕೂಡ “ಗೇಟು ಸ್ವಲ್ಪ ಮುಂದೆ ಉಂಟಲ್ವಾ” ಎಂದಿದ್ದರು, ಅಷ್ಟೆ. ಮುಂದೆ ತಾನೇ ಸ್ಕೂಲ್ ತೆರೆದಾಗ ಮೋಹಿನಿ ಅದನ್ನೇ ವ್ರತದಂತೆ ಹಿಡಿದಳು. ಯಾರಿಗೂ ಬೈಯಬಾರದು. ಯಾರ ಮನಸ್ಸನ್ನೂ ನೋಯಿಸಬಾರದು.

ಕಲಿಯುವವರ ಮಟ್ಟಿಗೆ ಇದು ಬಹಳ ಒಳ್ಳೆಯ ವ್ರತ. ಕೆಲಸಕ್ಕೆ ಇಟ್ಟುಕೊಂಡವರ ಮಟ್ಟಿಗೆ ಇದರಿಂದ ಎಂತ ಅನಾಹುತ ಆಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಹೋದ ವರ್ಷ, ದೇಜಪ್ಪಣ್ಣ ಬಂದಮೇಲೆ.

ಸ್ಕೂಲಿನಲ್ಲಿ ಎರಡು ಕಾರು. ಒಂದರಲ್ಲಿ ಮೋಹಿನಿ ಕಲಿಸುತ್ತಿದ್ದಳು, ಇನ್ನೊಂದರಲ್ಲಿ ಜೋಕಿಮ್. ಹನ್ನೊಂದು ವರ್ಷ ಕಲಿಸಿದ ಜೋಕಿಮ್ ಕುವೈತಿಗೆ ಹೊರಟುಹೋದ. ಎರಡನೆಯ ಕಾರು ಶೆಡ್ಡಿನಲ್ಲಿ ನಿಂತಿತು. ಅದರ ಬಾನೆಟ್ಟಿನ ಮೇಲೆ ಪಕ್ಕದ ಮನೆಯ ಬೆಕ್ಕು ಸಂಸಾರ ಹೂಡಿತು. ಇತ್ತ ಕಲಿಯಲು ಹೆಸರು ಕೊಟ್ಟ ಹತ್ತು ಜನ ದಿನಾ ಫೋನ್ ಮಾಡುತ್ತಿದ್ದರು.

ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಖಾಕಿ ಅಂಗಿ ಹಾಕಿಕೊಂಡು ದೇಜಪ್ಪಣ್ಣ ಬಂದು ನಿಂತರು. ವಯಸ್ಸು ಅರುವತ್ತರ ಹತ್ತಿರ. ಕಾಪು, ಶಿರ್ವ, ಬೆಳ್ಮಣ್, ಕಾರ್ಕಳ ಎಂದು ಮೂವತ್ತೆರಡು ವರ್ಷ ಸರ್ವಿಸ್ ಬಸ್ಸು ಬಿಟ್ಟವರು. ಧಣಿಗಳು ಬಸ್ಸು ಮಾರಿದ ಮೇಲೆ ಮನೆಯಲ್ಲಿ ಕೂತಿದ್ದರು.

“ಕೂತು ಕೂತು ಬೇಜಾರು ಮೋಹಿನಿಯಕ್ಕ. ಮೊನ್ನೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು, ನಾನು ಬಾಯಲ್ಲೇ ಹಾರ್ನ್ ಹೊಡೆದೆ. ಅವಳೇ ಹೇಳಿದಳು, ಎಲ್ಲಿಯಾದರೂ ಕೆಲಸಕ್ಕೆ ಹೋಗಿ ಅಂತ.”

ಕಾಗದಪತ್ರ ಎಲ್ಲ ಸರಿಯಿತ್ತು. ಒಂದು ದಿನ ಕಲಿಸಿ ತೋರಿಸಿ ಎಂದು ಕೇಳಬೇಕೆಂದು ಮೋಹಿನಿಗೆ ಅನ್ನಿಸದೆ ಇರಲಿಲ್ಲ. ಆದರೆ ಮೂವತ್ತೆರಡು ವರ್ಷ ಆ ಬೆಳ್ಮಣ್ ತಿರುವುಗಳಲ್ಲಿ ಬಸ್ಸು ಬಿಟ್ಟವರನ್ನು ಹಾಗೆ ಕೇಳುವುದು ಹೇಗೆ? ಅವಳಿಗೆ ನಾಚಿಕೆಯಾಯಿತು. “ನಾಳೆಯಿಂದಲೇ ಬನ್ನಿ” ಎಂದುಬಿಟ್ಟಳು. ಬೆಕ್ಕನ್ನು ಮರಿಗಳ ಸಮೇತ ಒಂದು ರಟ್ಟಿನ ಪೆಟ್ಟಿಗೆಗೆ ಸಾಗಿಸಲಾಯಿತು.

ಮೊದಲ ಶಿಷ್ಯೆ ಶಿರ್ವದ ಪ್ಯಾಟ್ರಿಶಿಯಾ ಬಾಯಿ. ಐವತ್ತನಾಲ್ಕು ವರ್ಷದ ಗಟ್ಟಿ ಹೆಂಗಸು. ಇಗರ್ಜಿಯ ಗಾಯನ ಮಂಡಳಿಯನ್ನು ನಡೆಸುವವರು. ಹಾಡಿನ ಅಭ್ಯಾಸಕ್ಕೆ ಹೊರಟಾಗಲೆಲ್ಲ ಗಂಡ ಫೌಸ್ಟಿನ್ “ಐದೇ ನಿಮಿಷ” ಎಂದು ಮುಕ್ಕಾಲು ಗಂಟೆ ಕಾಯಿಸುತ್ತಾರೆಂದು ರೋಸಿಹೋಗಿ, ತಾವೇ ಕಾರು ಕಲಿಯುವ ಹಟ ಹಿಡಿದು ಬಂದಿದ್ದರು.

ದೇಜಪ್ಪಣ್ಣ ಕಾರಿನ ಹತ್ತಿರ ಹೋದವರು ಅಭ್ಯಾಸಬಲದಿಂದ ಬಲಗಡೆಯ ಬಾಗಿಲು ತೆಗೆದು, ಸ್ಟಿಯರಿಂಗಿಗೆ ಒಮ್ಮೆ ಕೈಮುಗಿದು ಕೂತೇಬಿಟ್ಟರು. ಪ್ಯಾಟ್ರಿಶಿಯಾ ಬಾಯಿ ಹೊರಗೇ ನಿಂತಿದ್ದರು.

“ಹತ್ತಿ ಬಾಯಮ್ಮ,” ಎಂದರು ದೇಜಪ್ಪಣ್ಣ. “ಹಿಂದೆ ಸೀಟು ಉಂಟು.”

ಮೋಹಿನಿ ಓಡಿಬಂದು ಅವರನ್ನು ನಯವಾಗಿ ಎಡಗಡೆಗೆ ಕೂರಿಸಿದಳು. ನಿಜವಾದ ತೊಂದರೆ ಶುರುವಾದದ್ದೇ ಅಲ್ಲಿಂದ. ಡ್ರೈವಿಂಗ್ ಸ್ಕೂಲ್ ಕಾರುಗಳಲ್ಲಿ ಎಡಗಡೆ ಕೂತು ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ, ಅಪಾಯ ಬಂದರೆ ಇರಲಿ ಎಂದು. ದೇಜಪ್ಪಣ್ಣನ ಲೆಕ್ಕದಲ್ಲಿ ಕಾರು ಅಲುಗಾಡಿದ್ದೇ ಅಪಾಯ. ಜೀವನದಲ್ಲಿ ಒಮ್ಮೆಯೂ ಎಡಗಡೆ ಕೂತವರಲ್ಲ ಅವರು. ಎದುರಿನಿಂದ ಸೈಕಲ್ ಬಂದರೂ ಬ್ರೇಕ್. ಕಾಗೆ ಹಾರಿದರೂ ಬ್ರೇಕ್. ಮೊದಲ ದಿನ ಮುಕ್ಕಾಲು ಗಂಟೆಯಲ್ಲಿ ಕಾರು ಸ್ಕೂಲಿನ ಗೇಟಿನಿಂದ ಪಕ್ಕದ ಕ್ಷೌರದಂಗಡಿಯವರೆಗೆ ಹೋಗಿತ್ತು. ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದರಲ್ಲಿ ಸೀಟಿನ ಅಂಚು ಹಿಡಿದ ದೇಜಪ್ಪಣ್ಣ ಬೆವರಿ ಒದ್ದೆಯಾಗಿದ್ದರು.

ಪ್ಯಾಟ್ರಿಶಿಯಾ ಬಾಯಿ ಕೇಳಿದರು, “ಕ್ಲಚ್ ಯಾವಾಗ ಬಿಡುವುದು?”

ದೇಜಪ್ಪಣ್ಣ ಬಹಳ ಹೊತ್ತು ಯೋಚಿಸಿದರು. “ಬಿಡಬೇಕಾದಾಗ ಬಾಯಮ್ಮ.”

ಮಾತಿನಲ್ಲಿ ಹೇಳಲು ಬಾರದಿದ್ದರೆ ಬಿಟ್ಟೇ ತೋರಿಸುತ್ತೇನೆ ಎಂದು ಮರುದಿನ ಅವರೇ ಬಲಗಡೆ ಕೂತರು. ಬಾಯಿ ಎಡಗಡೆ. ಕಾರು ಹೊರಟಿತು, ಎಲ್ಲಿಗೆ? ಶಿರ್ವ ರಸ್ತೆಗೆ. ಬೇರೆ ರಸ್ತೆಗೆ ಅವರ ಕೈ ತಿರುಗುತ್ತಲೇ ಇರಲಿಲ್ಲ. ಪ್ರತಿ ಸ್ಟಾಪಿನಲ್ಲಿ ಕಾರು ತನ್ನಷ್ಟಕ್ಕೆ ನಿಧಾನವಾಯಿತು. ಬುಟ್ಟಿ ಹೊತ್ತು ನಿಂತಿದ್ದ ಇಬ್ಬರು ಮೀನಿನ ಹೆಂಗಸರು ಹಳೆಯ ಗುರುತಿನ ದೇಜಪ್ಪಣ್ಣನ ಮುಖ ಕಂಡು ಕೈ ಅಡ್ಡ ಹಿಡಿದರು. ಕಾರು ನಿಂತಿತು. ಹಿಂದಿನ ಬಾಗಿಲು ತೆರೆಯಿತು. ಬುಟ್ಟಿ ಒಳಗೆ ಬಂತು, ಹೆಂಗಸರು ಒಳಗೆ ಬಂದರು. “ರೈಟ್ ಪೋಯಿ!” ಎಂದು ಅವರಲ್ಲೊಬ್ಬಳು ಕಂಡಕ್ಟರರ ಹಾಗೆ ಕೂಗಿ ಬಾಗಿಲು ಬಡಿದಳು. ಸಂಜೆ ಆ ಕಾರಿನ ಬಾಗಿಲು ತೆರೆದ ಮೋಹಿನಿಗೆ ಬಂಗುಡೆಯ ವಾಸನೆ ಬಂತು. ರಟ್ಟಿನ ಪೆಟ್ಟಿಗೆಯಲ್ಲಿದ್ದ ಬೆಕ್ಕು ಮರಿಗಳ ಸಮೇತ ವಾಪಸು ಬಂತು.

ಬೈಯಲು ಬಾರದವಳು ಮಾಡುವುದೆಂತ? ಮಣಿಪಾಲದಲ್ಲಿ ಓದುತ್ತಿದ್ದ ಮಗಳು ಚೈತಾಲಿಯ ಹತ್ತಿರ ಹೇಳಿಕೊಂಡಳು. ಚೈತಾಲಿ ಒಂದು ವಿಡಿಯೊ ಕಳಿಸಿದಳು. ಕೆಲಸಗಾರರಿಗೆ ತಪ್ಪು ತಿಳಿಸುವಾಗ ಸ್ಯಾಂಡ್‌ವಿಚ್ ಕ್ರಮದಲ್ಲಿ ತಿಳಿಸಬೇಕಂತೆ. ಮೊದಲು ಒಂದು ಹೊಗಳಿಕೆ, ನಡುವೆ ತಪ್ಪು, ಕೊನೆಗೆ ಇನ್ನೊಂದು ಹೊಗಳಿಕೆ.

ಮೋಹಿನಿ ಮರುದಿನವೇ ಶುರುಮಾಡಿದಳು. “ದೇಜಪ್ಪಣ್ಣ, ನೀವು ಟೈಮಿಗೆ ಸರಿಯಾಗಿ ಬರುತ್ತೀರಿ, ಬಹಳ ಒಳ್ಳೆದುಂಟು. ಬ್ರೇಕು ಸ್ವಲ್ಪ ಕಡಿಮೆ ಒತ್ತಿದರೆ ಆಗುತ್ತಿತ್ತು. ಮತ್ತೆ, ಕಾರನ್ನು ಎಷ್ಟು ಚೆಂದ ತೊಳೆಯುತ್ತೀರಿ!”

ದೇಜಪ್ಪಣ್ಣನ ಮುಖ ಅರಳಿತು. ಮರುದಿನ ಅವರು ಅರ್ಧ ಗಂಟೆ ಮೊದಲೇ ಬಂದು ಎರಡೂ ಕಾರು ತೊಳೆದರು. ಬ್ರೇಕು ಮೊದಲಿನಷ್ಟೇ ಒತ್ತಿದರು. ಸ್ಯಾಂಡ್‌ವಿಚ್ಚಿನ ಬ್ರೆಡ್ಡನ್ನು ಮಾತ್ರ ತಿಂದು ಒಳಗಿನದ್ದನ್ನು ತಟ್ಟೆಯಲ್ಲೇ ಬಿಟ್ಟಿದ್ದರು.

ಆಮೇಲೆ ಮೋಹಿನಿ ಗೋಡೆಗೆ ನೋಟಿಸು ಅಂಟಿಸಿದಳು: ‘ಎಲ್ಲ ಸಿಬ್ಬಂದಿಯವರ ಗಮನಕ್ಕೆ. ಪಾಠದ ಹೊತ್ತಿನಲ್ಲಿ ಪ್ರಯಾಣಿಕರನ್ನು ಹತ್ತಿಸಬಾರದು.’ ಎಲ್ಲ ಸಿಬ್ಬಂದಿ ಎಂದರೆ ದೇಜಪ್ಪಣ್ಣ ಒಬ್ಬರೇ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ತಲೆ ಆಡಿಸಿ, “ಯಾರು ಮಾರಾಯ್ರೆ ಹಾಗೆ ಮಾಡುವುದು? ಸರಿಯಾಗಿ ಬರೆದಿದ್ದೀರಿ” ಎಂದರು.

ಹೀಗೆ ಒಂದು ತಿಂಗಳು ಹೋಯಿತು. ಬ್ರೇಕಿನ ಪ್ಯಾಡು ಎರಡು ಸಲ ಬದಲಾಯಿತು. ಮೋಹಿನಿಯ ನಾಲಗೆಯ ತುದಿಗೆ ಒಂದು ವಾಕ್ಯ ಬಂದು ಬಂದು ಹಿಂದೆ ಹೋಗುತ್ತಿತ್ತು.

ಅಷ್ಟರಲ್ಲಿ ದೇಜಪ್ಪಣ್ಣ ತಾವೇ ಒಂದು ದಾರಿ ಹುಡುಕಿದರು. ಒಂದು ದಿನ ಜೇಬಿನಿಂದ ಸೀಟಿ ತೆಗೆದರು. ಹಳೆಯ ಕಂಡಕ್ಟರರು ನೆನಪಿಗೆಂದು ಕೊಟ್ಟ ಸೀಟಿ. “ಬಾಯಮ್ಮ, ಮಾತು ನನಗೆ ಬರುವುದಿಲ್ಲ. ಒಂದು ಸೀಟಿ ಹೊಡೆದರೆ ನಿಲ್ಲಿಸಿ. ಎರಡು ಹೊಡೆದರೆ ಹೊರಡಿ. ಅಷ್ಟೆ.”

ಪ್ಯಾಟ್ರಿಶಿಯಾ ಬಾಯಿ ತಾಳ ಲಯ ತಿಳಿದವರು. ಸೀಟಿ ಕಿವಿಗೆ ಬಿದ್ದದ್ದೇ ಕಾಲು ತಾನಾಗಿ ಹೊಂದಿಕೊಂಡಿತು. ಪೀ ಪೀ, ಕಾರು ಬೆಣ್ಣೆಯ ಹಾಗೆ ಹೊರಟಿತು. ಪೀ, ಎಳ್ಳಷ್ಟೂ ಕುಲುಕದೆ ನಿಂತಿತು. ದೇಜಪ್ಪಣ್ಣನ ತುಟಿಗೂ ಒಂದು ಕೆಲಸ ಸಿಕ್ಕಿದ್ದರಿಂದ ಕಾಲು ಸ್ವಲ್ಪ ಸುಮ್ಮನಾಯಿತು. ದೂರದಿಂದ ನೋಡಿದ ಮೋಹಿನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ಒಳ್ಳೆದುಂಟು ದೇಜಪ್ಪಣ್ಣ!” ಎಂದಳು, ಈ ಸಲ ಮನಸಾರೆ. ಬಾಯಿಯನ್ನು ಟೆಸ್ಟಿಗೆ ಕಳಿಸುವ ದಿನವೂ ಗೊತ್ತಾಯಿತು.

ಟೆಸ್ಟು ಮಣಿಪಾಲದಲ್ಲಿ. ಮೂವರೂ ಹೋದರು. ಲೈಸೆನ್ಸಿಗೆ ಪರೀಕ್ಷೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಕಾರಿನಲ್ಲಿ ಬಾಯಿಯ ಪಕ್ಕ ಕೂತು, ಮಡಿಲಲ್ಲಿ ಫೈಲು ಇಟ್ಟುಕೊಂಡು, “ಹೊರಡಿ” ಎಂದರು.

ಬಾಯಿ ಹೊರಡಲಿಲ್ಲ. ಸ್ಟಿಯರಿಂಗ್ ಹಿಡಿದು, ಬೆನ್ನು ನೇರ ಮಾಡಿ, ಹಾಡು ಶುರುವಾಗುವ ಮೊದಲು ಕಾಯುವ ಹಾಗೆ ಕಾದರು.

“ಯಾಕೆ ಹೊರಡುವುದಿಲ್ಲ?”

“ಸಿಗ್ನಲ್ ಬರಲಿಲ್ಲ ಸರ್.”

“ಇಲ್ಲಿ ಎಲ್ಲಿ ಉಂಟು ಸಿಗ್ನಲ್?”

ಆಗ ಪಕ್ಕದ ಜಾಗದಲ್ಲಿ, ಹೊಸ ಕಟ್ಟಡ ಏಳುತ್ತಿದ್ದಲ್ಲಿ, ಜಲ್ಲಿ ತಂದ ಟಿಪ್ಪರನ್ನು ಹಿಂದಕ್ಕೆ ತರಿಸುತ್ತಿದ್ದ ವಾಚ್‌ಮನ್ ಎರಡು ಸೀಟಿ ಹೊಡೆದ. ಕಾರು ಬೆಣ್ಣೆಯ ಹಾಗೆ ಹೊರಟಿತು. ಇನ್‌ಸ್ಪೆಕ್ಟರ್ ಸಮಾಧಾನದಿಂದ ಪೆನ್ನು ತೆಗೆದರು. ವಾಚ್‌ಮನ್ ಒಂದು ಸೀಟಿ ಹೊಡೆದ. ಕಾರು ಕಂಬದಂತೆ ನಿಂತಿತು, ಪೆನ್ನು ಸೀಟಿನಡಿಗೆ ಹೋಯಿತು. ಟಿಪ್ಪರು ಮರಳಿನ ರಾಶಿಗೆ ಹತ್ತಿರವಾಗುತ್ತಿದ್ದ ಹಾಗೆ ವಾಚ್‌ಮನ್ನನ ಸೀಟಿಗೆ ತಡೆಯಿಲ್ಲದಾಯಿತು. ಪೀ. ಪೀ ಪೀ. ಪೀ. ಪೀ ಪೀ. ಕಾರು ನಿಂತಿತು, ಹೊರಟಿತು, ನಿಂತಿತು, ಹೊರಟಿತು. ಇನ್‌ಸ್ಪೆಕ್ಟರರ ತಲೆ ಹುಂಜದ ತಲೆಯ ಹಾಗೆ ಹಿಂದೆ ಮುಂದೆ ಆಡಿತು. ಫೈಲಿನ ಕಾಗದಗಳು ಕಿಟಕಿಯಿಂದ ಒಂದೊಂದಾಗಿ ಹೊರಟವು.

ಬೇಲಿಯ ಹತ್ತಿರ ನಿಂತ ಮೋಹಿನಿ ಮುಖ ಮುಚ್ಚಿಕೊಂಡಳು. ಪಕ್ಕದಲ್ಲಿ ದೇಜಪ್ಪಣ್ಣ ಹೆಮ್ಮೆಯಿಂದ, “ನೋಡಿ, ಒಂದು ಸೀಟಿಯೂ ತಪ್ಪಲಿಲ್ಲ” ಎಂದರು.

ಇನ್‌ಸ್ಪೆಕ್ಟರ್ ಇಳಿದು, ಕತ್ತು ನೀವಿಕೊಂಡು, ಸಿಟ್ಟಿಗಿಂತ ಹೆಚ್ಚು ಕನಿಕರದಿಂದ ಹೇಳಿದರು: “ಅಮ್ಮ, ಮುಂದಿನ ತಿಂಗಳು ಬನ್ನಿ. ಅಷ್ಟರಲ್ಲಿ ಸರಿಯಾಗಿ ಕಲಿಯಿರಿ.”

ಹಿಂದೆ ಬರುವಾಗ ಕಾರು ಬಿಟ್ಟದ್ದು ಮೋಹಿನಿ. ಕಟಪಾಡಿ ಹತ್ತಿರ ಎಳನೀರು ಬೊಂಡದ ಗಾಡಿ ಕಂಡು ನಿಲ್ಲಿಸಿದಳು. ಪ್ಯಾಟ್ರಿಶಿಯಾ ಬಾಯಿಗೆ ಒಂದು ಬೊಂಡ ಕಾರಿಗೇ ಕೊಟ್ಟು, ದೇಜಪ್ಪಣ್ಣನನ್ನು ಮರದ ನೆರಳಿಗೆ ಕರೆದಳು. ಬೊಂಡದ ನೀರು ಅರ್ಧ ಕುಡಿದಳು. ಹದಿನಾಲ್ಕು ವರ್ಷದಲ್ಲಿ ಯಾರಿಗೂ ಹೇಳದ ಮಾತು.

“ದೇಜಪ್ಪಣ್ಣ, ಬೇಸರ ಮಾಡಬೇಡಿ. ನಿಮಗೆ ಕಲಿಸಲಿಕ್ಕೆ ಬರುವುದಿಲ್ಲ.”

ಭೂಮಿ ಬಿರಿಯಲಿಲ್ಲ. ದೇಜಪ್ಪಣ್ಣ ಬೊಂಡದಿಂದ ಬಾಯಿ ತೆಗೆದರು.

“ಅದು ನನಗೂ ಗೊತ್ತುಂಟಲ್ಲ.”

“ಎಂತ?”

“ಮೊದಲ ದಿನವೇ ಗೊತ್ತಾಯಿತು. ಆ ಎಡಗಡೆ ಕೂತರೆ ಲೋಕದ ವಾಹನವೆಲ್ಲ ನನ್ನ ಮೈಮೇಲೆ ಬಂದ ಹಾಗೆ ಆಗುತ್ತದೆ. ನಾಳೆ ಹೇಳಿ ಬಿಟ್ಟುಬಿಡುವ ಅಂತ ಇದ್ದೆ. ನೀವು ನೋಡಿದರೆ ದಿನಾ ಒಳ್ಳೆದುಂಟು, ಒಳ್ಳೆದುಂಟು ಅಂತೀರಿ. ಹಾಗಾದರೆ ಡ್ರೈವಿಂಗ್ ಸ್ಕೂಲ್ ಅಂದರೆ ಇಷ್ಟೇ ಏನೋ ಅಂತ ನಾನೂ ಸುಮ್ಮನಾದೆ.”

ಮೋಹಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೂವರೆ ತಿಂಗಳು ಅವಳು ಅವರ ಮನಸ್ಸು ನೋಯಬಾರದೆಂದು ಒದ್ದಾಡಿದ್ದಳು. ಅವರೂ ಇವಳ ಮನಸ್ಸು ನೋಯಬಾರದೆಂದೇ ಬೆವರು ಸುರಿಸಿದ್ದರು.

“ನಾಳೆಯಿಂದ ಬರಬೇಡವಾ ಹಾಗಾದರೆ?” ದೇಜಪ್ಪಣ್ಣ ಮೆಲ್ಲಗೆ ಕೇಳಿದರು.

“ಬರಬೇಕು. ಬಂದು ಕಲಿಯಬೇಕು.”

“ಯಾರ ಹತ್ತಿರ?”

“ನನ್ನ ಹತ್ತಿರ.”

“ಬೈತೀರಾ?”

“ಬೈಯುವುದಿಲ್ಲ. ಆದರೆ ಒಳ್ಳೆದಾಗದೆ ಒಳ್ಳೆದುಂಟು ಅಂತಲೂ ಹೇಳುವುದಿಲ್ಲ.”

ಮೂರು ವಾರ ದೇಜಪ್ಪಣ್ಣನಿಗೆ ತರಬೇತಿ. ಸೀಟಿ ಮೋಹಿನಿಯ ಮೇಜಿನ ಖಾನೆ ಸೇರಿತು. ಮೊದಲ ವಾರ ಬ್ರೇಕಿನದ್ದು. ಅವಳು ಒಂದು ಉಪಾಯ ಮಾಡಿದಳು. ಎಡಗಡೆಯ ಬ್ರೇಕಿನ ಮೇಲೆ ಒಂದು ಸುಟ್ಟ ಹಲಸಿನ ಹಪ್ಪಳ ಇಟ್ಟಳು. “ಇದು ಒಡೆಯಬಾರದು. ಜೀವ ಹೋಗುವ ಹಾಗಿದ್ದರೆ ಮಾತ್ರ ಒಡೆಯಬಹುದು.” ತಾನು ಬಲಗಡೆ ಕೂತು, ಹೊಸತಾಗಿ ಕಲಿಯುವವರು ಮಾಡುವ ತಪ್ಪುಗಳನ್ನೆಲ್ಲ ಬೇಕೆಂದೇ ಮಾಡಿದಳು. ಚರಂಡಿಯ ಕಡೆ ಎಳೆದಳು, ದಾರಿಯ ನಡುವೆ ಎಂಜಿನ್ ಬಂದ್ ಬೀಳಿಸಿದಳು, ಬಸ್ಸಿನ ಹಿಂದೆ ತೀರ ಹತ್ತಿರ ಹೋದಳು. ಮೊದಲ ದಿನ ಹನ್ನೊಂದು ಹಪ್ಪಳ ಪುಡಿಯಾಯಿತು. ಎರಡನೆಯ ದಿನ ಏಳು. ನಾಲ್ಕನೆಯ ದಿನ ಒಂದು ನಾಯಿ ನಿಜವಾಗಿಯೂ ಅಡ್ಡ ಬಂದಾಗ ಒಂದೇ ಒಂದು. “ಇದು ಸರಿಯಾದ ಹಪ್ಪಳ” ಎಂದಳು ಮೋಹಿನಿ. ದೇಜಪ್ಪಣ್ಣನ ಮುಖ ಅವತ್ತು ಅರಳಿದ ಹಾಗೆ ಯಾವ ಸ್ಯಾಂಡ್‌ವಿಚ್ಚಿಗೂ ಅರಳಿರಲಿಲ್ಲ. ಮನೆಯಲ್ಲಿ ಭುಜಂಗ ಮಾತ್ರ ಗಂಜಿಯ ಹೊತ್ತಿಗೆ ಖಾಲಿ ಡಬ್ಬ ನೋಡಿ ಬೊಬ್ಬೆ ಹೊಡೆದ.

ಎರಡನೆಯ ವಾರ ಮಾತಿನದ್ದು. ಕಾಲು ಏನು ಮಾಡುತ್ತದೆಂದು ಹೇಳಲು ಮೊದಲು ಕಾಲನ್ನು ಗಮನಿಸಬೇಕು. ಮೂವತ್ತೆರಡು ವರ್ಷದಲ್ಲಿ ದೇಜಪ್ಪಣ್ಣ ತಮ್ಮ ಕಾಲನ್ನು ನೋಡಿಕೊಂಡವರೇ ಅಲ್ಲ. ಅವರು ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಮುಂದೆ ಮೂರು ಚಪ್ಪಲಿ ಸಾಲಾಗಿ ಇಟ್ಟು ಅಭ್ಯಾಸ ಮಾಡಿದರು. “ಎಡಗಾಲು ಪೂರ್ತಿ ಒಳಗೆ. ಈಗ ಒಂದನೇ ಗೇರು. ಎಡಗಾಲು ಮೆಲ್ಲ, ಮೆಲ್ಲ, ಹಸು ಕರು ಹಾಕಿದ ಹಟ್ಟಿಗೆ ಹೋಗುವ ಹಾಗೆ ಮೆಲ್ಲ.” ಅಂಗಡಿಗೆ ಹೊರಟ ಹೆಂಡತಿ ಒಂದು ಚಪ್ಪಲಿಗೆ ಕಾಲು ಹಾಕಿದಾಗ, “ಅಯ್ಯೊ, ಕ್ಲಚ್ಚು ತೆಗೆಯಬೇಡ ಮಾರಾಯ್ತಿ!” ಎಂದು ಕೂಗಿದರಂತೆ. ಅವಳು ಕ್ಲಚ್ಚನ್ನೂ ಬ್ರೇಕನ್ನೂ ಮೆಟ್ಟಿಕೊಂಡು ಹೋದಳು.

ಮೂರನೆಯ ವಾರ ಅವರನ್ನು ಪ್ಯಾಟ್ರಿಶಿಯಾ ಬಾಯಿಯ ಪಕ್ಕ ಕೂರಿಸಿ, ತಾನು ಹಿಂದಿನ ಸೀಟಿನಲ್ಲಿ ಕೂತಳು ಮೋಹಿನಿ. ಬಾಯಿಯ ಸೀಟಿ ಚಟ ಬಿಡಿಸುವುದು ಬೇರೆ ಕಷ್ಟವಾಯಿತು. ಮೊದಲೆರಡು ದಿನ ಅವರು ತಾವೇ ಬಾಯಲ್ಲಿ ಎರಡು ಸಲ ಸಿಳ್ಳೆ ಹೊಡೆದು ಹೊರಡುತ್ತಿದ್ದರು. ಆದರೆ ದೇಜಪ್ಪಣ್ಣನ ಮಾತು ಈಗ ಹರಿಯತೊಡಗಿತ್ತು. “ಎದುರಿಗೆ ಬಸ್ಸು ಬರ್ತಾ ಉಂಟು ಬಾಯಮ್ಮ. ಅವನು ಜಾಗ ಬಿಡುವುದಿಲ್ಲ. ನನಗೆ ಗೊತ್ತುಂಟು, ನಾನೂ ಬಿಡುತ್ತಿರಲಿಲ್ಲ. ನೀವೇ ಎಡಕ್ಕೆ ಬನ್ನಿ.” ಇಂಥ ಪಾಠ ಜೋಕಿಮ್ ಹನ್ನೊಂದು ವರ್ಷದಲ್ಲಿ ಹೇಳಿರಲಿಲ್ಲ. ತಪ್ಪಿದಾಗ ಮೋಹಿನಿ ಹಿಂದಿನಿಂದ ತಪ್ಪು ಎಂದಳು. ಸರಿಯಾದಾಗ ಸರಿ ಎಂದಳು. ಎರಡೂ ಮಾತು ಒಂದೇ ಸ್ವರದಲ್ಲಿ ಬರುವುದನ್ನು ಕೇಳಿ ಅವಳಿಗೇ ಆಶ್ಚರ್ಯವಾಯಿತು.

ಎರಡನೆಯ ಟೆಸ್ಟಿನಲ್ಲಿ ಪ್ಯಾಟ್ರಿಶಿಯಾ ಬಾಯಿ ಪಾಸಾದರು. ಅದೇ ಇನ್‌ಸ್ಪೆಕ್ಟರ್ ಹತ್ತುವ ಮೊದಲು ಸೀಟ್‌ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರಂತೆ.

ಇದೆಲ್ಲ ಆಗಿ ದೇಜಪ್ಪಣ್ಣ ದೊಡ್ಡ ಮೇಷ್ಟರಾದರು ಎಂದೇನೂ ಅಲ್ಲ. ಕಾರನ್ನು ಹಿಂದೆ ತೆಗೆದು ನಿಲ್ಲಿಸುವುದನ್ನು ಕಲಿಸುವಾಗ ಈಗಲೂ ಅವರೇ ಗಲಿಬಿಲಿಯಾಗುತ್ತಾರೆ. ಆ ಪಾಠ ಮೋಹಿನಿಯ ಪಾಲಿಗೆ. ಕೈ ಅಡ್ಡ ಹಿಡಿದವರನ್ನು ಕಂಡರೆ ಈಗಲೂ ಅವರ ಮುಖ ಒಂದು ಕ್ಷಣ ಕರಗುತ್ತದೆ, ಕಾರು ನಿಲ್ಲುವುದಿಲ್ಲ, ಅಷ್ಟೆ.

ಲೈಸೆನ್ಸ್ ಸಿಕ್ಕಿದ ಮೇಲೂ ಹೈವೇ ಎಂದರೆ ಹೆದರಿಕೆಯೆಂದು ಬಾಯಿ ಇನ್ನೂ ಹತ್ತು ಪಾಠಕ್ಕೆ ಹೆಸರು ಕೊಟ್ಟರು. ಎಂಟನೆಯ ಪಾಠದ ದಿನ ಮೋಹಿನಿ ಪೆಟ್ರೋಲ್ ಬಂಕಿನ ಹತ್ತಿರ ನಿಂತಿದ್ದಳು. ಉಡುಪಿ ಕಡೆಯಿಂದ ಅವಳದೇ ಕಾರು ಬಂತು. ಅರುವತ್ತರ ವೇಗ, ನೆಟ್ಟಗಿನ ಓಟ. ಬಾಯಿ ಒಳ್ಳೆಯ ಹುರುಪಿನಲ್ಲಿ ಯಾವುದೋ ಹಾಡು ಗುನುಗುತ್ತಿದ್ದರು. ಎಡಗಡೆ ದೇಜಪ್ಪಣ್ಣ ಬಾಯಿ ತೆರೆದು, ತಲೆಯನ್ನು ಕಿಟಕಿಗೆ ಆನಿಸಿ, ಗಾಢ ನಿದ್ದೆಯಲ್ಲಿದ್ದರು.

ಮೋಹಿನಿ ಕೈ ಬೀಸಿ ಕಾರು ನಿಲ್ಲಿಸಿದಳು. ನಾಲಗೆಯ ತುದಿಗೆ ಮಾತು ಬಂತು, ಬಂದದ್ದು ಹಿಂದೆ ಹೋಗಲಿಲ್ಲ.

“ದೇಜಪ್ಪಣ್ಣ! ಪಾಠದ ಹೊತ್ತಿನಲ್ಲಿ ನಿದ್ದೆ ಮಾಡಬಾರದು!”

ಪ್ಯಾಟ್ರಿಶಿಯಾ ಬಾಯಿ ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟರು.

“ಶ್! ಎಬ್ಬಿಸಬೇಡಿ ಮಾರಾಯ್ರೆ. ಬೆಳಿಗ್ಗೆಯಿಂದ ಒಂದೇ ಸಮ ಮಾತಾಡಿ, ಈಗಷ್ಟೇ ಮಲಗಿದ್ದಾರೆ.”